ಓದುಗರ ಪ್ರಶ್ನೆ: ಸೈನಿಕ, ಅಂಚೆಯವ, ಪೊಲೀಸ್ ಮುಖ್ಯಸ್ಥ

ಪ್ರಶ್ನೆ: ಅಮೆರಿಕದ ಪೊಲೀಸ್ ಸುಧಾರಕ ಆಗಸ್ಟ್ ವೋಲ್ಮರ್ ಮೊದಲು ಸೈನಿಕರಾಗಿದ್ದರೇ?

ಹೌದು. 1898ರ ಸ್ಪೇನ್–ಅಮೆರಿಕ ಯುದ್ಧದ ಹೊತ್ತಿಗೆ ಸೇನೆ ಸೇರಿ ಫಿಲಿಪ್ಪೀನ್ಸ್‌ಗೆ ಹೋದರು. ಮರಳಿ ಬಂದ ಮೇಲೆ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಮನೆಮನೆಗೆ ಕಾಗದ ಹಂಚುವ ಕೆಲಸ ಮಾಡಿದರು. 1904ರಲ್ಲಿ ಹಳಿಯ ಮೇಲೆ ತಾನಾಗಿ ಉರುಳಿ ಬರುತ್ತಿದ್ದ ಸರಕುಬಂಡಿಯನ್ನು ಹಾರಿ ಹತ್ತಿ, ಬ್ರೇಕ್ ಹಾಕಿ, ಅದು ಪ್ರಯಾಣಿಕರ ರೈಲಿಗೆ ಬಡಿಯುವುದನ್ನು ತಪ್ಪಿಸಿದರು. ಮರುವರ್ಷ ಊರಿನವರು ಅವರನ್ನೇ ಮಾರ್ಷಲ್ (ಊರಿನ ಕಾನೂನು ಕಾಯುವ ಚುನಾಯಿತ ಅಧಿಕಾರಿ) ಆಗಿ ಆರಿಸಿದರು. 1909ರಲ್ಲಿ ಪೊಲೀಸ್ ಮುಖ್ಯಸ್ಥರಾದರು; ನಿವೃತ್ತಿ 1932ರಲ್ಲಿ.

ಪ್ರಶ್ನೆ: ವೈರ್‌ಲೆಸ್ ಇಲ್ಲದ ಕಾಲದಲ್ಲಿ ಕೆಲವೇ ಪೊಲೀಸರಿಂದ ಊರು ಕಾಯುವುದು ಹೇಗೆ ಸಾಧ್ಯವಾಯಿತು?

ದೂರು ಫೋನಿನಲ್ಲಿ ಠಾಣೆಗೆ ಬರುತ್ತಿತ್ತು. ಗಸ್ತಿಗೆ ಹೋದವನಿಗೆ ಅದನ್ನು ಮುಟ್ಟಿಸುವ ದಾರಿಯೇ ಇರಲಿಲ್ಲ. ಅವನಾಗಿ ಠಾಣೆಗೆ ಬರುವಷ್ಟರಲ್ಲಿ ಕಳ್ಳ ಊರು ದಾಟಿರುತ್ತಿದ್ದ. ವೋಲ್ಮರ್ ಕೂಡುರಸ್ತೆಗಳ ಮೇಲೆ ಕೆಂಪು ದೀಪ ತೂಗುಹಾಕಿಸಿದರು. ಠಾಣೆಯಲ್ಲಿ ಸ್ವಿಚ್ ಒತ್ತಿದರೆ ದೀಪ ಹತ್ತುತ್ತದೆ. ಅದನ್ನು ಕಂಡ ಪೊಲೀಸ್ ಹತ್ತಿರದ ಪೆಟ್ಟಿಗೆಯ ಫೋನಿನಲ್ಲಿ ಮಾತಾಡಿ, ವಿಳಾಸ ತಿಳಿದು ಸೈಕಲ್ ಏರುತ್ತಾನೆ. ಸೈಕಲ್ ಗಸ್ತನ್ನಷ್ಟೇ ಹೊಗಳುವವರು ಇಲ್ಲಿ ಎಡವುತ್ತಾರೆ. ದೀಪವಿಲ್ಲದೆ ಸೈಕಲ್ ಇದ್ದರೆ ಬೇಗ ಹೋಗಬಹುದು, ಆದರೆ ಎಲ್ಲಿಗೆ? ಸೈಕಲ್ ಇಲ್ಲದೆ ದೀಪವಿದ್ದರೆ ಸುದ್ದಿ ಸಿಗುತ್ತದೆ, ತಲುಪುವಾಗ ತಡವಾಗಿರುತ್ತದೆ. ದೀಪ, ಫೋನು, ಸೈಕಲ್ ಮೂರೂ ಜೊತೆಗಿರಲೇಬೇಕು.

ಪ್ರಶ್ನೆ: ಯುದ್ಧ ಕಂಡವರು ಆರೋಪಿಗಳ ಮೇಲೆ ಕೈಮಾಡುವುದು ಹೆಚ್ಚಲ್ಲವೇ?

ವೋಲ್ಮರ್ ವಿಷಯದಲ್ಲಿ ಹಾಗಾಗಲಿಲ್ಲ. ಹೊಡೆದು ಬಾಯಿಬಿಡಿಸುವುದನ್ನು ಅವರು ವಿರೋಧಿಸಿದರು. ಹೊಡೆತವನ್ನು ಬಿಟ್ಟರೆ ಸಾಕ್ಷ್ಯ ಹುಡುಕಲು ಬರಬೇಕು. ಅದಕ್ಕಾಗಿ 1908ರಲ್ಲೇ ತಮ್ಮ ಪೊಲೀಸರಿಗೆ ಶಾಲೆ ತೆರೆದರು. ಇದು ಅವರ ಅತಿ ದೊಡ್ಡ ಕೆಲಸ ಎಂದೇ ನಮ್ಮ ಅಭಿಪ್ರಾಯ. 1921ರಲ್ಲಿ ಅವರ ಪೊಲೀಸ್ ಜಾನ್ ಲಾರ್ಸನ್ ರಕ್ತದೊತ್ತಡ, ನಾಡಿ, ಉಸಿರುಗಳನ್ನು ಒಟ್ಟಿಗೆ ದಾಖಲಿಸುವ ‘ಸುಳ್ಳು ಪತ್ತೆ’ ಯಂತ್ರ ಮಾಡಿದರು. ಅದು ಅಳೆಯುವುದು ಸುಳ್ಳನ್ನಲ್ಲ, ತಳಮಳವನ್ನು. ಹೆದರಿದ ನಿರಪರಾಧಿಯ ನಾಡಿಯೂ ಓಡುತ್ತದೆ, ಗಟ್ಟಿ ಎದೆಯ ಕಳ್ಳನ ನಾಡಿ ಓಡದಿರಬಹುದು.

ಪ್ರಶ್ನೆ: ಲಾಸ್ ಏಂಜಲೀಸ್‌ನಲ್ಲಿ ಅವರು ಒಂದೇ ವರ್ಷ ಇದ್ದುದೇಕೆ?

1923ರಲ್ಲಿ ಅಲ್ಲಿನ ಪೊಲೀಸ್ ಮುಖ್ಯಸ್ಥರಾಗಿ ಹೋದದ್ದೇ ಒಂದು ವರ್ಷದ ಮಟ್ಟಿಗೆ. 1920ರ ಜನಗಣತಿಯಲ್ಲಿ ಬರ್ಕ್ಲಿಯ ಜನಸಂಖ್ಯೆ 56,036, ಲಾಸ್ ಏಂಜಲೀಸ್‌ನದು 5,76,673. ಸಣ್ಣ ಊರಲ್ಲಿ ಮುಖ್ಯಸ್ಥ ಪ್ರತಿಯೊಬ್ಬ ಪೊಲೀಸನನ್ನೂ ತಾನೇ ಆರಿಸಿ ತಿದ್ದಬಹುದು. ಹತ್ತು ಪಟ್ಟು ದೊಡ್ಡ ನಗರದಲ್ಲಿ, ಹೋಗುವ ದಿನ ಎಲ್ಲರಿಗೂ ಗೊತ್ತಿರುವ ಅಧಿಕಾರಿಯ ಮಾತನ್ನು ಕೆಳಗಿನವರು ಕೇಳಬೇಕಾಗಿಲ್ಲ, ಕಾದರೆ ಸಾಕು. 1924ರಲ್ಲಿ ವೋಲ್ಮರ್ ಬರ್ಕ್ಲಿಗೆ ಮರಳಿದರು.