ತಲೆಯ ಲೋಶನ್ ಕೆನ್ನೆಗೆ ಬೇಡ

ಪ್ರಶ್ನೆ: ನನಗೆ 36 ವರ್ಷ. ತಲೆಹೊಟ್ಟು ಕಾಲೇಜು ದಿನಗಳಿಂದಲೂ ಇದೆ. ಈಗ ಹುಬ್ಬು, ಮೀಸೆ, ಮೂಗಿನ ಪಕ್ಕದಲ್ಲೂ ಸಿಪ್ಪೆ ಏಳುತ್ತಿದೆ. ಕೆನ್ನೆ ಕೆಂಪಾಗಿ ಉರಿಯುತ್ತದೆ, ಸಣ್ಣ ಗುಳ್ಳೆಗಳೂ ಇವೆ. ಒಬ್ಬ ಡಾಕ್ಟರು ಸೆಬೊರಿಕ್ ಡರ್ಮಟೈಟಿಸ್ ಅಂದರು, ಇನ್ನೊಬ್ಬರು ರೊಸೇಸಿಯಾ ಅಂದರು. ತಲೆಗೆ ಕೊಟ್ಟ ಸ್ಟೀರಾಯ್ಡ್ ಲೋಶನ್ ಕೆನ್ನೆಗೂ ಹಚ್ಚಿದೆ. ಎರಡೇ ದಿನಕ್ಕೆ ಕಮ್ಮಿಯಾಯಿತು, ಬಿಟ್ಟ ಮೇಲೆ ಮೊದಲಿಗಿಂತ ಜಾಸ್ತಿ. ಯಾರ ಮಾತು ನಂಬಲಿ? ತಲೆ ಬೋಳಿಸಿದರೆ ಹೋಗುತ್ತದಾ?

ಉತ್ತರ: ಇಬ್ಬರನ್ನೂ ನಂಬಿ. ಸಿಪ್ಪೆ ಏಳಿಸುವ ಸೆಬೊರಿಕ್ ಡರ್ಮಟೈಟಿಸ್, ಕೆನ್ನೆ ಕೆಂಪಾಗಿಸಿ ಉರಿಸುವ ರೊಸೇಸಿಯಾ, ಎರಡೂ ಒಂದೇ ಮುಖದಲ್ಲಿ ಇರುವುದು ಅಪರೂಪವೇನಲ್ಲ. ತೊಂದರೆ ಏನೆಂದರೆ, ಒಂದರ ಮದ್ದು ಇನ್ನೊಂದನ್ನು ಕೆರಳಿಸಬಹುದು.

ಮೊದಲು ಆ ಲೋಶನ್ ವಿಷಯ. ಸ್ಟೀರಾಯ್ಡ್ ಕೆಂಪನ್ನು ಬೇಗ ಇಳಿಸುತ್ತದೆ, ಅದಕ್ಕೇ ಜನ ಮರುಳಾಗುತ್ತಾರೆ. ಮುಖದ ಚರ್ಮ ತೆಳು. ಹಚ್ಚುತ್ತಾ ಹೋದರೆ ಅದು ಇನ್ನೂ ತೆಳುವಾಗುತ್ತದೆ, ರಕ್ತನಾಳಗಳು ಎದ್ದು ಕಾಣುತ್ತವೆ, ರೊಸೇಸಿಯಾ ಹೆಚ್ಚಾಗುತ್ತದೆ. ಕೆನ್ನೆಗೆ ಹಚ್ಚುವುದನ್ನು ನಿಲ್ಲಿಸಲೇಬೇಕು. ಆದರೆ ತುಂಬಾ ದಿನದಿಂದ ಹಚ್ಚುತ್ತಿದ್ದರೆ ಡಾಕ್ಟರಿಗೆ ಹೇಳಿಯೇ ನಿಲ್ಲಿಸಿ. ಬಿಟ್ಟ ಮೇಲೆ ಕೆಲವು ವಾರ ಮುಖ ಉರಿದು ಕೆಂಪಾಗುವುದುಂಟು. ಆಗ ಹೆದರಿ ಮತ್ತೆ ಅದೇ ಬಾಟಲಿಗೆ ಕೈ ಹಾಕುವವರೇ ಹೆಚ್ಚು.

ಇನ್ನು ಯಾವುದು ಎಲ್ಲಿದೆ ನೋಡೋಣ. ಎಣ್ಣೆಣ್ಣೆಯಾದ ಹಳದಿ ಸಿಪ್ಪೆ, ಅದೂ ಹುಬ್ಬು, ಮೀಸೆ, ಮೂಗಿನ ಮಡಿಕೆ, ಕಿವಿಯ ಹಿಂದೆ ಇದ್ದರೆ ಅದು ಸೆಬೊರಿಕ್. ಎಲ್ಲರ ಚರ್ಮದಲ್ಲೂ ಇರುವ ಮಲಸೇಜಿಯಾ ಅನ್ನುವ ಶಿಲೀಂಧ್ರಕ್ಕೂ ಇದಕ್ಕೂ ನಂಟಿದೆ. ಮಡಿಕೆ ಬಿಟ್ಟು ಕೆನ್ನೆಯ ಉಬ್ಬಿನಲ್ಲಿ, ಬಿಸಿಲಿಗೆ ಹೋದಾಗ ಅಥವಾ ಬಿಸಿ ಬಿಸಿ ಕುಡಿದಾಗ ಮುಖ ಕಾದಂತಾದರೆ ಅದು ರೊಸೇಸಿಯಾ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಸರಿಯಾಗಿ ಕಾಣುವುದಿಲ್ಲ. ಉರಿ, ಬಿಸಿಯನ್ನೇ ಗಮನಿಸಬೇಕು. ತಲೆಯ ಹೊಟ್ಟು ದಪ್ಪಗೆ, ಬೆಳ್ಳಿ ಬಣ್ಣದಲ್ಲಿ, ಕೂದಲಿನ ಅಂಚು ದಾಟಿ ಹಣೆಗೆ ಇಳಿದಿದ್ದರೆ ಮೊಣಕೈ, ಉಗುರುಗಳನ್ನೂ ಡಾಕ್ಟರಿಗೆ ತೋರಿಸಿ. ಸೋರಿಯಾಸಿಸ್ ಅನ್ನುವ ಬೇರೆ ಚರ್ಮರೋಗ ಇರಬಹುದು.

ತಲೆಗೆ ಶಿಲೀಂಧ್ರ ತಡೆಯುವ 2% ಕೀಟೊಕೊನಜೋಲ್ ಶಾಂಪೂ ವಾರಕ್ಕೆ ಎರಡು ಸಲ, 2ರಿಂದ 4 ವಾರ. ಕೂದಲಿಗಲ್ಲ, ಬುಡಕ್ಕೆ ಹಚ್ಚಿ 3ರಿಂದ 5 ನಿಮಿಷ ಬಿಡಿ. ಹಚ್ಚಿದ ತಕ್ಷಣ ತೊಳೆದು, ‘ಕೆಲಸ ಮಾಡಲಿಲ್ಲ’ ಅಂದರೆ ಹೇಗೆ? ಹಿಡಿತಕ್ಕೆ ಬಂದ ಮೇಲೂ ವಾರಕ್ಕೋ ಎರಡು ವಾರಕ್ಕೋ ಒಮ್ಮೆ ಮುಂದುವರಿಸಿ. ತಲೆಯನ್ನು ಹಿಂದಕ್ಕೆ ಬಾಗಿಸಿ ತೊಳೆಯಿರಿ, ನೊರೆ ಕೆನ್ನೆಗೆ ಇಳಿಯದಿರಲಿ. ಹುಬ್ಬು, ಮೂಗಿನ ಪಕ್ಕಕ್ಕೆ ಶಿಲೀಂಧ್ರ ತಡೆಯುವ ಕ್ರೀಮನ್ನು ತೆಳುವಾಗಿ ಹಚ್ಚಬಹುದು. ಕೆನ್ನೆಗೆ ಬೇರೆಯೇ ಮದ್ದು: ಮೆಟ್ರೊನಿಡಜೋಲ್, ಐವರ್ಮೆಕ್ಟಿನ್ ಅಥವಾ ಅಜಲೇಯಿಕ್ ಆಸಿಡ್. ಯಾವುದು ಅನ್ನುವುದನ್ನು ಮುಖ ನೋಡಿದ ಡಾಕ್ಟರೇ ಹೇಳಲಿ. ಅಜಲೇಯಿಕ್ ಎರಡಕ್ಕೂ ಸ್ವಲ್ಪ ನೆರವಾಗುತ್ತದೆ, ಆದರೆ ಶುರುವಿನಲ್ಲಿ ಚುರುಚುರು ಅನ್ನುತ್ತದೆ.

ಸ್ಕ್ರಬ್, ವಿನೆಗರ್, ಪರಿಮಳದ ಕ್ರೀಮು ಎಲ್ಲ ಬಿಡಿ. ಪರಿಮಳವಿಲ್ಲದ ಮಾಯಿಶ್ಚರೈಸರ್, ಜಿಂಕ್ ಆಕ್ಸೈಡ್ ಇರುವ ಸನ್‌ಸ್ಕ್ರೀನ್ ಸಾಕು. ಹೊಸದನ್ನು ಒಂದೊಂದಾಗಿಯೇ ಶುರು ಮಾಡಿ, ನಡುವೆ ಎರಡು ವಾರ ಬಿಡಿ. ನಾಲ್ಕು ಟ್ಯೂಬು ಒಟ್ಟಿಗೆ ಹಚ್ಚಿ ಮುಖ ಉರಿದರೆ ಯಾವುದನ್ನು ಬೈಯುತ್ತೀರಿ? ಕಣ್ಣಲ್ಲಿ ಮರಳು ಬಿದ್ದಂತೆ ಚುಚ್ಚಿದರೆ ಮಾತ್ರ ಕಾಯಬೇಡಿ, ಡಾಕ್ಟರಿಗೆ ತೋರಿಸಿ. ರೊಸೇಸಿಯಾ ಕಣ್ಣಿಗೂ ಬರುತ್ತದೆ.

ಇವೆರಡೂ ಪೂರ್ತಿ ಹೋಗುವ ಕಾಯಿಲೆಗಳಲ್ಲ, ಹಿಡಿತದಲ್ಲಿ ಇಡುವಂಥವು. ತಲೆ ಬೋಳಿಸುವುದು ಸುಮ್ನೆ ದಂಡ. ಕಾಯಿಲೆ ಇರುವುದು ಚರ್ಮದಲ್ಲಿ, ಕೂದಲಲ್ಲಿ ಅಲ್ವಲ್ಲ. ಶಾಂಪೂ ಹಚ್ಚುವುದು ಸ್ವಲ್ಪ ಸುಲಭವಾದೀತು, ಅಷ್ಟೇ.