ಕೀಮೋ ಮೊದಲು ಕೆಲಸ ಮಾಡಿ ಆಮೇಲೆ ನಾಟದೇ ಹೋಗುವುದು ಯಾಕೆ?

ಔಷಧಿ ನಾಟದ ಕೆಲವು ಕೋಶಗಳು ಎಷ್ಟೋ ಸಲ ಕ್ಯಾನ್ಸರ್ ಗಡ್ಡೆಯಲ್ಲಿ ಮೊದಲೇ ಇರುತ್ತವೆ. ಕೀಮೋ ಉಳಿದವನ್ನು ಕೊಲ್ಲುತ್ತದೆ, ಇವು ಬದುಕಿಕೊಂಡು ಖಾಲಿಯಾದ ಜಾಗದಲ್ಲಿ ಹೆಚ್ಚುತ್ತವೆ. ಮರಳಿ ಬಂದ ಗಡ್ಡೆ ಇವುಗಳ ಸಂತಾನ, ಹಳೇ ಔಷಧಿಗೆ ಬಗ್ಗುವುದಿಲ್ಲ. ಚಿಕಿತ್ಸೆಯ ನಡುವೆ ಹೊಸದಾಗಿ ಜೀನ್ ಬದಲಾಗುವುದೂ ಉಂಟು.

ತಪ್ಪಿಸಿಕೊಳ್ಳುವ ದಾರಿಗಳು ಹಲವು. ಚೆನ್ನಾಗಿ ಗೊತ್ತಿರುವುದು ಪಿ-ಗ್ಲೈಕೋಪ್ರೋಟೀನ್. ಕೋಶದ ಹೊರಪೊರೆಯಲ್ಲಿರುವ ಈ ಪ್ರೋಟೀನ್, ಒಳಗೆ ಬಂದ ಔಷಧಿಯನ್ನು ಪಂಪಿನಂತೆ ಎತ್ತಿ ಆಚೆ ಹಾಕುತ್ತದೆ. 1976ರಲ್ಲಿ ಜೂಲಿಯಾನೋ ಮತ್ತು ಲಿಂಗ್ ಎಂಬ ವಿಜ್ಞಾನಿಗಳು ಇದನ್ನು ಗುರುತಿಸಿದ್ದು ಹ್ಯಾಮ್‌ಸ್ಟರ್ ಎಂಬ ಇಲಿಯಂಥ ಪ್ರಾಣಿಯ ಕೋಶಗಳಲ್ಲಿ. ತಲೆನೋವು ಏನೆಂದರೆ, ಡಾಕ್ಸೊರುಬಿಸಿನ್, ವಿನ್‌ಕ್ರಿಸ್ಟೀನ್, ಪ್ಯಾಕ್ಲಿಟಾಕ್ಸೆಲ್ ಎಂಬ ಮೂರು ಕೀಮೋ ಔಷಧಿಗಳನ್ನೂ ಇದೊಂದೇ ತಳ್ಳಬಲ್ಲದು. ಸಿಸ್‌ಪ್ಲಾಟಿನ್ ಎಂಬ ಇನ್ನೊಂದು ಕೀಮೋ ಔಷಧಿ ಈ ಪಂಪಿಗೆ ಸಿಗುವುದಿಲ್ಲ, ಆದರೆ ಅದು ಕೆಡಿಸಿದ ಡಿಎನ್‌ಎಯನ್ನೇ ಕೆಲವು ಕೋಶಗಳು ರಿಪೇರಿ ಮಾಡಿಕೊಳ್ಳುತ್ತವೆ. ಡಾಕ್ಟರು ಬೇರೆ ಬೇರೆ ಬಗೆಯ ಔಷಧಿಗಳನ್ನು ಜೊತೆಯಾಗಿ ಕೊಡುವುದು ಜಾಸ್ತಿ ಇದೇ ಕಾರಣಕ್ಕೆ.