7 ಕೋಶ, 8 ನ್ಯೂಕ್ಲಿಯಸ್: ಓದಿದ್ದು ಬರೆಯಲಾಗದ ಹುಡುಗಿ

ಸೆಕೆಂಡ್ ಪಿಯುಸಿ ಓದುವ ಸುಮಾಳನ್ನು (ಹೆಸರು ಮತ್ತು ಗುರುತಿನ ವಿವರ ಬದಲಿಸಿದ್ದೇನೆ) ಆಪ್ತಸಮಾಲೋಚಕಿಯಾದ ನನ್ನ ಬಳಿ ಕಳಿಸಿದ್ದು ಹಾಸ್ಟೆಲ್ ವಾರ್ಡನ್. ರಾತ್ರಿ ಎರಡರವರೆಗೆ ಓದುತ್ತಾಳೆ, ಸರಿಯಾಗಿ ಊಟ ಮಾಡುವುದಿಲ್ಲ, ಟೆಸ್ಟ್ ಹಿಂದಿನ ದಿನ ವಾಂತಿ. ಎಸ್ಸೆಸ್ಸೆಲ್ಸಿಯಲ್ಲಿ ಶೇ. 94 ತೆಗೆದ ಹುಡುಗಿಗೆ ಮಿಡ್ ಟರ್ಮ್ ಬಯಾಲಜಿ ಥಿಯರಿಯಲ್ಲಿ 70ಕ್ಕೆ 26.

"ಫಿಸಿಕ್ಸ್ ಕಷ್ಟ ಅಂದ್ರೆ ಯಾರೂ ಬೈಯಲ್ಲ ಮೇಡಂ. ಬಯಾಲಜಿ ಬರೀ ಓದೋದು ತಾನೆ, ಅದಕ್ಕೇನು ಧಾಡಿ ಅಂತಾರೆ" ಎಂದಳು.

ಮೊದಲ ಭೇಟಿಯಲ್ಲಿ ನಾನು ಪುಸ್ತಕದ ಸುದ್ದಿ ಎತ್ತಲಿಲ್ಲ. ನಿದ್ದೆ, ಊಟ, ಮನೆ, ಗೆಳತಿಯರು, ಇಷ್ಟೇ ಮಾತು. "ಬದುಕೋದೇ ಬೇಡ ಅಂತ ಯಾವಾಗಲಾದರೂ ಅನ್ನಿಸಿದೆಯಾ?" ಎಂದು ನೇರವಾಗಿ ಕೇಳಿದೆ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂದು ಹೆದರುವವರು ತುಂಬಾ ಜನ. ಹಾಗಾಗುವುದಿಲ್ಲ. ಇಲ್ಲ ಎಂದಳು. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಅವಳಿಂದಲೇ ಡೈರಿಯಲ್ಲಿ ಬರೆಸಿದೆ. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು. ವಾಂತಿಗೆ ಡಾಕ್ಟರ ಹತ್ತಿರ ತೋರಿಸಲು ವಾರ್ಡನ್‌ಗೆ ಹೇಳಿದೆ. ಎಲ್ಲವನ್ನೂ ಟೆನ್ಷನ್ ಅಂದುಕೊಂಡು ಬಿಡಬಾರದು.

ಹೊರಡುವಾಗ ಒಂದು ಮಾತು ಹೊರಬಂತು. ಕೋಚಿಂಗ್ ಫೀಸಿಗೆ ಅಮ್ಮನ ಸರ ಅಡವಿಟ್ಟಿದ್ದಾರೆ. ಅದನ್ನು ಅವಳಿಗೆ ಯಾರೂ ಹೇಳಿಲ್ಲ. ಹಬ್ಬಕ್ಕೆ ಹೋದಾಗ ಅಮ್ಮನ ಕತ್ತು ನೋಡಿ ಗೊತ್ತಾಗಿದೆ.

ಎರಡನೇ ಸಲ ಪುಸ್ತಕ ತರಿಸಿದೆ. ಪುಟಗಳ ಮೇಲೆ ಹೋಳಿ ಆಡಿದಂತಿತ್ತು. ಹಳದಿ, ಗುಲಾಬಿ, ಹಸಿರು, ಗೆರೆ ಬೀಳದ ಸಾಲೇ ಇಲ್ಲ. ಹೂಬಿಡುವ ಗಿಡಗಳ ಸಂತಾನೋತ್ಪತ್ತಿಯ ಪಾಠ ಎಷ್ಟು ಸಲ ಓದಿದ್ದೀಯ ಎಂದರೆ ಲೆಕ್ಕವಿಲ್ಲ ಎಂದಳು. ಎಂಬ್ರಿಯೋ ಸ್ಯಾಕ್ (ಹೂವಿನ ಅಂಡಾಶಯದೊಳಗೆ ಭ್ರೂಣ ಬೆಳೆಯುವ ಪುಟ್ಟ ಚೀಲ) ಬಗ್ಗೆ ಕೇಳಿದೆ. ತಟ್ಟನೆ ಬಂತು ಉತ್ತರ: 7 ಕೋಶ, 8 ನ್ಯೂಕ್ಲಿಯಸ್. ಪುಸ್ತಕ ಮುಚ್ಚಿ ಬಿಳಿ ಹಾಳೆ ಕೊಟ್ಟೆ. "ಚಿತ್ರ ಬರಿ, ಕೋಶ ಎಣಿಸು."

ಒಂದು ತುದಿಯಲ್ಲಿ ಮೂರು ಆಂಟಿಪೋಡಲ್ ಬರೆದಳು. ಇನ್ನೊಂದು ತುದಿಯಲ್ಲಿ ಅಂಡ, ಅದರ ಪಕ್ಕ ಎರಡು ಸಿನರ್ಜಿಡ್. ಆರಾಯಿತು. ನಡುವೆ ಎರಡು ಪೋಲಾರ್ ನ್ಯೂಕ್ಲಿಯಸ್ ಹಾಕಿ, ಎರಡರ ಸುತ್ತಲೂ ಒಂದೊಂದು ಗೆರೆ ಎಳೆದಳು. ಎಣಿಸಿದಳು. ಎಂಟು ಕೋಶ! ಮತ್ತೆ ಎಣಿಸಿದಳು. ನಾನು ಸುಮ್ಮನೆ ಕೂತಿದ್ದೆ. ಸ್ವಲ್ಪ ಹೊತ್ತಾದ ಮೇಲೆ ರಬ್ಬರ್ ತೆಗೆದುಕೊಂಡು ನಡುವಿನ ಗೆರೆಗಳನ್ನು ಅಳಿಸಿದಳು. "ಓ, ಎರಡೂ ಒಂದೇ ಕೋಶದಲ್ಲಿ ಇರುತ್ತವೆ! ಅದಕ್ಕೇ ಏಳು."

ಅವಳು ಇಷ್ಟು ದಿನ ಆ ಚಿತ್ರವನ್ನು ನೋಡಿದ್ದಳು, ಅಷ್ಟೇ. ಪುಸ್ತಕ ತೆರೆದಿರುವಾಗ ಎಲ್ಲವೂ ಗೊತ್ತಿರುವ ಹಾಗೇ ಕಾಣುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಇದನ್ನು ಪರೀಕ್ಷಿಸಿ ತೋರಿಸಿದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದೆ. ಒಂದು ವಾರದ ನಂತರ ಕೇಳಿದಾಗ, ಪಠ್ಯ ಮುಚ್ಚಿ ನೆನಪಿನಿಂದ ಬರೆದವರು ಮುಂದೆ. ಪರೀಕ್ಷೆ ಐದು ನಿಮಿಷದಲ್ಲಿ ಬರುವುದಿಲ್ಲ, ಅಲ್ವಾ?

ಅವಳಿಗೆ ಹೇಳಿದ್ದು ಇದು. ಹೈಲೈಟರ್‌ಗಳನ್ನು ಗೆಳತಿಗೆ ಕೊಟ್ಟುಬಿಡು. ಒಂದು ಪಾಠದ ಎರಡು ಮೂರು ಪುಟ ಓದು, ಮುಚ್ಚು, ನೆನಪಿರುವುದನ್ನು ಹಾಳೆಗೆ ಇಳಿಸು. ಚಿತ್ರವಿದ್ದರೆ ಚಿತ್ರ. ಆಮೇಲೆ ಪುಸ್ತಕ ತೆರೆದು ಬಿಟ್ಟುಹೋದದ್ದನ್ನು ಕೆಂಪು ಪೆನ್ನಿನಲ್ಲಿ ಸೇರಿಸು. ನಾಳೆ ಒಂದು ಸಲ, ಮೂರು ದಿನ ಬಿಟ್ಟು ಒಂದು ಸಲ, ವಾರ ಬಿಟ್ಟು ಇನ್ನೊಂದು ಸಲ ಹೊಸ ಹಾಳೆಯಲ್ಲಿ ಹೀಗೇ ಮಾಡು. ಮೊದಲ ವಾರ ಹಾಳೆ ತುಂಬಾ ಕೆಂಪೇ ಇರುತ್ತದೆ, ಹೆದರಬೇಡ. ಜೆನೆಟಿಕ್ಸ್ ಅನ್ನು ಓದಲೇಬೇಡ, ಲೆಕ್ಕ ಮಾಡು. ಎರಡು ಗುಣಗಳ ಸಂಕರಣದ ಅನುಪಾತ 9:3:3:1 ಎಂದು ಉರು ಹೊಡೆಯುವ ಬದಲು 16 ಮನೆಯ ಚೌಕ ಹಾಕಿ ನೀನೇ ತುಂಬಿಸು. ರಾತ್ರಿ ಹನ್ನೊಂದಕ್ಕೆ ದೀಪ ಆರಬೇಕು. ನಿದ್ದೆಗೆಟ್ಟು ಓದಿದ್ದು ತಲೆಯಲ್ಲಿ ನಿಲ್ಲುವುದು ಕಡಿಮೆ.

ನೀಟ್ ವಿಷಯವೂ ಬಂತು. 720 ಅಂಕದಲ್ಲಿ 360 ಬಯಾಲಜಿಗೇ. ಸರಿ ಉತ್ತರಕ್ಕೆ 4, ತಪ್ಪಿಗೆ ಒಂದು ಕಳೆಯುತ್ತಾರೆ. ಇವಳು ಖಾಲಿ ಬಿಟ್ಟರೆ ಅವಮಾನ ಎಂದು ಏನೂ ಗೊತ್ತಿಲ್ಲದಿದ್ದರೂ ಎಲ್ಲಕ್ಕೂ ಗುರುತು ಹಾಕುತ್ತಿದ್ದಳು. ಎರಡು ಆಯ್ಕೆಗಳಾದರೂ ಖಂಡಿತ ತಪ್ಪು ಎಂದು ಗೊತ್ತಿದ್ದರೆ ಮಾತ್ರ ಮುಟ್ಟು ಎಂದೆ.

ಮಾತಿನ ನಡುವೆ ಅವರ ಮನೆಯ ತೋಟದ ಸುದ್ದಿ ಬಂತು. ಅಡಿಕೆಯ ಜೊತೆ ವೆನಿಲ್ಲಾ ಬಳ್ಳಿ ಇತ್ತಂತೆ. ಬೆಳಿಗ್ಗೆ ಅಜ್ಜಿಯ ಜೊತೆ ಹೋಗಿ, ಚೂಪು ಕಡ್ಡಿಯಿಂದ ಹೂವಿನೊಳಗಿನ ಪೊರೆ ಸರಿಸಿ ಪರಾಗ ಒತ್ತುತ್ತಿದ್ದಳು. ಹೂ ಒಂದೇ ದಿನ ಇರುತ್ತದೆ, ಮಧ್ಯಾಹ್ನದೊಳಗೆ ಮುಗಿಸಬೇಕು ಎಂದು ಬೆರಳಲ್ಲಿ ತೋರಿಸುತ್ತಾ ವಿವರಿಸಿದಳು. ಆ ಹೊತ್ತಿನಲ್ಲಿ ಅವಳ ದನಿಯೇ ಬೇರೆ. ಪರಾಗಸ್ಪರ್ಶದ ಪಾಠವನ್ನು ನೆನಪಿನಿಂದ ಬರೆಯುವಾಗ ಆ ಹೂವಿನಿಂದಲೇ ಶುರು ಮಾಡು ಎಂದೆ.

ಅಪ್ಪ ಬಂದದ್ದು ಮೂರನೇ ಭೇಟಿಗೆ. "ಸರದ ಸುದ್ದಿ ಅವಳಿಗೆ ಗೊತ್ತಿದೆ, ನೀವೇ ಬಾಯಿಬಿಟ್ಟು ಹೇಳಿಬಿಡಿ" ಎಂದೆ. ಇದನ್ನು ಹೇಳಲು ಸುಮಾ ಮೊದಲೇ ಒಪ್ಪಿದ್ದಳು. ಅವರು ತಲೆ ತಗ್ಗಿಸಿದರು. ಆಮೇಲೆ ಮಗಳ ಕಡೆ ತಿರುಗಿ, "ಅದು ಬಿಡಿಸಿಕೊಳ್ಳೋದು ನನ್ನ ಕೆಲಸ, ತಂಗಿ. ನಿಂದಲ್ಲ" ಎಂದರು. ನಾನು ಹತ್ತು ಸಲ ಹೇಳಿದ್ದರೂ ಅಷ್ಟು ನಾಟುತ್ತಿರಲಿಲ್ಲ. ಫೋನ್ ಮಾಡಿದಾಗ ಮಾರ್ಕ್ಸ್ ಕೇಳಬೇಡಿ, ಊಟ ಆಯ್ತಾ ಅಂತ ಕೇಳಿ ಎಂದೆ. ಒಪ್ಪಿದರು. ಸಿಇಟಿ ಮೂಲಕ ಬಿಎಸ್ಸಿ ಅಗ್ರಿ ಮತ್ತು ತೋಟಗಾರಿಕೆ ಇದೆ, ಶಿರಸಿ ಮತ್ತು ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜುಗಳಿವೆ ಎಂದಾಗ ಮಾತ್ರ ಮುಖ ಸ್ವಲ್ಪ ಬಿಗಿಯಾಯಿತು. "ತೋಟ ಮಾಡೋಕೆ ಡಿಗ್ರಿ ಯಾಕೆ ಮೇಡಂ?"

ಮುಂದಿನ ಟೆಸ್ಟಿನಲ್ಲಿ ಬಯಾಲಜಿ 41ಕ್ಕೆ ಏರಿದೆ. ವಾಂತಿ ನಿಂತಿದೆ. ಫಿಸಿಕ್ಸ್ ಇನ್ನೂ ಕುಂಟುತ್ತಿದೆ. ಸಿಇಟಿ ಅರ್ಜಿಯನ್ನು ಸುಮಾ ತಾನೇ ಕೂತು ತುಂಬಿದ್ದಾಳೆ. ಅದನ್ನು ಅಪ್ಪನಿಗೆ ಇನ್ನೂ ಹೇಳಿಲ್ಲ. ಹೇಗೆ ಹೇಳುವುದು ಎಂಬುದಕ್ಕೇ ಮುಂದಿನ ಗುರುವಾರದ ಭೇಟಿ.